ಹಾಳೂರಿಗೆ ಕಾವಲಿಲ್ಲ, ಟಿಕೆಟ್ಟೂ ಇಲ್ಲ

ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿ ಜನವಸತಿ ಇಲ್ಲದ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಅಂತ ಅರ್ಥ. ಅಮೆರಿಕದವರು ಘೋಸ್ಟ್ ಟೌನ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಅಲ್ಲಿ ದೆವ್ವಗಿವ್ವ ಏನೂ ಇರುವುದಿಲ್ಲ, ದೀಪವಿಲ್ಲ ಅಷ್ಟೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟಿಯೋಗಾ ಪಾಸ್ ಗೇಟು ದಾಟಿ ಪೂರ್ವಕ್ಕೆ ಎರಡು ಮೈಲಿ ಇಳಿದರೆ ಸಿಗುವ ಬೆನೆಟ್‌ವಿಲ್ ಅಂಥದೊಂದು ಬೇಚರಾಕ್ ಗ್ರಾಮ. ಉಳಿದಿರುವುದು ಎರಡು ಮರದ ಕಟ್ಟಡ, ಗಣಿ ಸುರಂಗದ ಬಾಯಿ, ತುಕ್ಕು ಹಿಡಿದ ಒಂದಷ್ಟು ಯಂತ್ರದ ಭಾಗ. ಊರ ಹಿಂದೆ ಒಂದರ ಹಿಂದೊಂದು ಮೂರು ಕೆರೆ. ಕಾರು ನಿಲ್ಲಿಸಿ ಸುಮಾರು ಒಂದು ಮೈಲಿ ನಡೆದರೆ ಊರು, ಇನ್ನೊಂದು ಮೈಲಿ ನಡೆದರೆ ಮೂರೂ ಕೆರೆ ನೋಡಿ ಮುಗಿಯುತ್ತದೆ. ಏರುವುದು ಮುನ್ನೂರು ಅಡಿಯ ಆಸುಪಾಸು. ಊರಿಂದ ಬಂದ ಅಪ್ಪ ಅಮ್ಮನನ್ನೂ, ಎಂಟು ವರ್ಷದ ಮಗುವನ್ನೂ ಒಟ್ಟಿಗೆ ಕರೆದೊಯ್ಯಬಹುದಾದ ಬೆಟ್ಟದ ದಾರಿಗಳಲ್ಲಿ ಇದಕ್ಕೆ ನನ್ನ ಮೊದಲ ಓಟು.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮ ಜನ ಯೊಸೆಮಿಟಿ ಅಂದರೆ ಕಣಿವೆಗೆ ಇಳಿದು, ಪಾರ್ಕಿಂಗ್ ಹುಡುಕುತ್ತಾ ಅರ್ಧ ದಿನ ಕಳೆದು, ಜಲಪಾತದ ಮುಂದೆ ಫೋಟೋ ಹೊಡೆದು ವಾಪಸಾಗುತ್ತಾರೆ. ಬೆನೆಟ್‌ವಿಲ್ ಕಡೆ ಅವರನ್ನು ತಿರುಗಿಸುವುದು ಈ ಬರಹದ ಒಂದು ಉದ್ದೇಶ. ಇನ್ನೊಂದು, ಹಾಳೂರನ್ನು ಇವರು ನಡೆಸಿಕೊಳ್ಳುವ ರೀತಿಗೂ ನಾವು ನಡೆಸಿಕೊಳ್ಳುವ ರೀತಿಗೂ ಇರುವ ಅಂತರದ ಬಗ್ಗೆ ಒಂದೆರಡು ಮಾತು. ಎಲ್ಲದರಲ್ಲೂ ಇಲ್ಲಿಯದೇ ಮೇಲು ಅನ್ನುವವರ ಗುಂಪಿನವನು ನಾನಲ್ಲ. ಕಟ್ಟಡದ ವಿಷಯದಲ್ಲಿ ಇವರಿಂದ ಕಲಿಯುವುದಿದೆ, ಮನುಷ್ಯರ ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ ಅನ್ನುವುದು ನನ್ನ ಲೆಕ್ಕ.

ಮೊದಲು ದಾರಿ. ಹೆದ್ದಾರಿ 120ರಲ್ಲಿ ಸ್ಯಾಡಲ್‌ಬ್ಯಾಗ್ ಲೇಕ್ ರಸ್ತೆ ಕವಲೊಡೆಯುವಲ್ಲೇ ಜಂಕ್ಷನ್ ಕ್ಯಾಂಪ್‌ಗ್ರೌಂಡ್ ಇದೆ. ಕಾಲುದಾರಿ ಶುರುವಾಗುವುದು ಅಲ್ಲಿಂದ. ಇದು ಯೊಸೆಮಿಟಿ ಪಾರ್ಕಿನ ಗಡಿಯ ಹೊರಗೆ, ಇನ್ಯೋ ರಾಷ್ಟ್ರೀಯ ಅರಣ್ಯದಲ್ಲಿರುವ ಜಾಗ. ಹಾಗಾಗಿ ಪೂರ್ವದ ಲೀ ವೈನಿಂಗ್ ಊರಿನ ಕಡೆಯಿಂದ ಹತ್ತಿ ಬರುವವರು ಪಾರ್ಕಿನ ಟಿಕೆಟ್ ಕೊಳ್ಳಬೇಕಿಲ್ಲ. ಪಶ್ಚಿಮದಿಂದ ಪಾರ್ಕಿನೊಳಗೆ ಹಾದು ಬರುವವರು ಕೊಳ್ಳಲೇಬೇಕು. ಕಾರು ನಿಲ್ಲಿಸಲು ಇರುವ ಜಾಗ ಚಿಕ್ಕದು. ಶನಿವಾರ ಒಂಬತ್ತರ ಮೇಲೆ ಬಂದು ಜಾಗವಿಲ್ಲವೆಂದು ಹುಲ್ಲಿನ ಮೇಲೆ ಚಕ್ರ ಹತ್ತಿಸಬೇಡಿ. ತೇವದ ಹುಲ್ಲುಗಾವಲಿನಲ್ಲಿ ಚಕ್ರ ಹೂತುಕೊಳ್ಳುತ್ತದೆ, ದಂಡವೂ ಬೀಳುತ್ತದೆ. ತಿಂಡಿಯ ಡಬ್ಬಿ, ಚಿಪ್ಸ್, ಕೊನೆಗೆ ಸೋಪು ಟೂತ್‌ಪೇಸ್ಟ್ ಕೂಡ ಕಾರಿನಲ್ಲಿ ಬಿಡುವ ಹಾಗಿಲ್ಲ. ಇಲ್ಲಿಯ ಕರಡಿಗೆ ಕಾರಿನ ಬಾಗಿಲಿನ ಮೇಲಂಚಿಗೆ ಉಗುರು ಸಿಕ್ಕಿಸಿ ಎಳೆಯುವುದು ಗೊತ್ತು. ಕ್ಯಾಂಪ್‌ಗ್ರೌಂಡಿನಲ್ಲಿ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಗಳು ಇರುವುದೇ ಇದಕ್ಕೆ. ಕುಡಿಯುವ ನೀರನ್ನು ಲೀ ವೈನಿಂಗ್‌ನಲ್ಲೇ ತುಂಬಿಸಿಕೊಂಡು ಹೊರಡಿ, ತಲೆಗೆ ಎರಡು ಲೀಟರ್. ಪೆಟ್ರೋಲೂ ಅಲ್ಲೇ, ತುಟ್ಟಿಯಾದರೂ.

ದಾರಿ ಸುಲಭ ಅಂದೆ. ಸುಲಭವಲ್ಲದ್ದು ಗಾಳಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮೇಲೆ ಹತ್ತುವ ಮುಂಚೆ ಪೆಟ್ರೋಲು ಹಾಕಿಸುವ ಲೀ ವೈನಿಂಗ್ ಊರೇ ಅದಕ್ಕಿಂತ ಎತ್ತರದಲ್ಲಿದೆ! ನಡಿಗೆ ಶುರುವಾಗುವ ಜಾಗ ಸುಮಾರು 2,900 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ತೀರದಲ್ಲಿ ಸಿಗುವುದರ ನೂರಕ್ಕೆ ಎಪ್ಪತ್ತರಷ್ಟು. ಸನಿವೇಲ್‌ನಲ್ಲಿ (ಅದೂ ಬೇ ಏರಿಯಾದ್ದೇ) ಬೆಳಗಿನ ಕಾಫಿ ಕುಡಿದು, ಐದು ಗಂಟೆ ಕಾರು ಓಡಿಸಿ, ಮಧ್ಯಾಹ್ನ ಇಲ್ಲಿ ನಡೆಯಲು ಇಳಿದರೆ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಣೆಯ ಎರಡೂ ಬದಿ ಮಿಡಿಯುವ ತಲೆನೋವು, ಊಟ ಬೇಡವೆನ್ನಿಸುವುದು, ವಾಕರಿಕೆ, ಈ ಮೂರು ಬಂದರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. ‘ಬಿಸಿಲಿಗೆ ಆಗಿರಬೇಕು, ಒಂದು ಕ್ರೋಸಿನ್ ನುಂಗಿ ಮುಂದೆ ಹೋಗೋಣ’ ಅನ್ನುವುದು ನಮ್ಮವರ ಮಾಮೂಲಿ ತಪ್ಪು. ಕೂತು ನೀರು ಕುಡಿದು ಅರ್ಧ ಗಂಟೆ ಕಾಯಬೇಕು. ಕಡಿಮೆಯಾಗದಿದ್ದರೆ, ಅಥವಾ ಮಗು ವಾಂತಿ ಮಾಡಿದರೆ, ಕಾರು ಹತ್ತಿ ಲೀ ವೈನಿಂಗ್‌ಗೆ ಇಳಿದುಬಿಡಬೇಕು. ಇಳಿಯುವುದೇ ಔಷಧಿ. ಹಿಂದಿನ ರಾತ್ರಿ ಲೀ ವೈನಿಂಗ್‌ನಲ್ಲಿ ತಂಗಿದವರಿಗೆ ಈ ಕಾಟ ಬಹಳ ಕಡಿಮೆ. ಹೃದಯದ, ಶ್ವಾಸದ ತೊಂದರೆ ಇರುವ ಹಿರಿಯರಿದ್ದರೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ. ದಾರಿ ಸಪಾಟಾಗಿದೆ ಅನ್ನುವುದು ಎತ್ತರವನ್ನೇನೂ ತಗ್ಗಿಸುವುದಿಲ್ಲ.

ಅಡಿಗೆಯವರಿಗೊಂದು ಮಾತು. ಈ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಟೆಂಟು ಹಾಕಿ ತೆರೆದ ಪಾತ್ರೆಯಲ್ಲಿ ಅನ್ನಕ್ಕಿಟ್ಟರೆ ನೀರೆಲ್ಲ ಆವಿಯಾದ ಮೇಲೂ ಅಕ್ಕಿಯ ನಡುವೆ ಗಟ್ಟಿ ಉಳಿದಿರುತ್ತದೆ. ತೊಗರಿಬೇಳೆಯ ಆಸೆಯನ್ನಂತೂ ಬಿಟ್ಟೇಬಿಡಿ. ಮೂರು ಲೀಟರಿನ ಕುಕ್ಕರ್ ಒಯ್ದು ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದೆರಡು ಸೀಟಿ ಹೆಚ್ಚು ಕೂಗಿಸುವುದು ಒಂದು ದಾರಿ. ದಿನದ ನಡಿಗೆಗಾದರೆ ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ ಸಾಕು. ಚಿತ್ರಾನ್ನ ಚಳಿಗೆ ಬಿರುಸಾಗುತ್ತದೆ. ಚಿಪ್ಸ್ ಪೊಟ್ಟಣ ಬಲೂನಿನ ಹಾಗೆ ಉಬ್ಬಿರುವುದನ್ನು ಕಂಡು ಗಾಬರಿ ಬೇಡ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದೆ, ಅಷ್ಟೆ.

ಕ್ಯಾಂಪ್‌ಗ್ರೌಂಡ್ ದಾಟಿದ ಮೇಲೆ ದಾರಿ ಲಾಡ್ಜ್‌ಪೋಲ್ ಪೈನ್ ಮರಗಳ ನಡುವೆ ಇಳಿಜಾರಿನಲ್ಲಿ ಮೆಲ್ಲಗೆ ಏರುತ್ತದೆ. ಮೈನ್ ಕ್ರೀಕ್ ತೊರೆಯ ಸದ್ದು ಜೊತೆಗೇ ಬರುತ್ತದೆ, ಅಲ್ಲಲ್ಲಿ ಸಣ್ಣ ಸಣ್ಣ ಜಲಪಾತ. ಮರಗಳು ವಿರಳವಾಗಿ ಹುಲ್ಲುಗಾವಲು ತೆರೆದುಕೊಂಡಾಗ ಒಮ್ಮೆ ಹಿಂದಿರುಗಿ ನೋಡಿ: ಕಂದುಗೆಂಪು ಬಣ್ಣದ ಡಾನಾ ಬೆಟ್ಟ, 13,061 ಅಡಿ. ಮುಂದಿನ ದಿಬ್ಬದ ಮೇಲೆ ಬಿಸಿಲಿಗೆ ಜೇನುಬಣ್ಣಕ್ಕೆ ತಿರುಗಿದ ಮರದ ಎರಡು ಕಟ್ಟಡ. ಚಿಕ್ಕದು ಅದಿರನ್ನು ಪರೀಕ್ಷಿಸುತ್ತಿದ್ದ ಕಚೇರಿ, ದೊಡ್ಡದು ಕೆಲಸಗಾರರ ಬಿಡಾರ. ಊರಿನಿಂದ ತುಸು ದೂರದಲ್ಲಿ ಸುರಂಗ. ಅದರೊಳಗೆ ಹೋಗಬಾರದು, ಹಳೆಯ ಗಣಿಯಲ್ಲಿ ಕಟ್ಟಿಗೆಯ ಆಸರೆ ಕೊಳೆತಿರುತ್ತದೆ, ಒಳಗೆ ನಿಂತ ಗಾಳಿಯಲ್ಲಿ ಉಸಿರಿಗೆ ಬೇಕಾದ್ದು ಇರುವುದಿಲ್ಲ, ಅದು ಮೂಗಿಗೆ ಗೊತ್ತಾಗುವುದೂ ಇಲ್ಲ. ಊರು ದಾಟಿ ತೊರೆಯ ಜಾಡು ಹಿಡಿದರೆ ಶೆಲ್ ಲೇಕ್, ಮೈನ್ ಲೇಕ್, ಫ್ಯಾನ್‌ಟೇಲ್ ಲೇಕ್. ಮೊದಲನೆಯದು ಆಳವಿಲ್ಲದ್ದು, ಮಕ್ಕಳು ಪಾದ ಇಳಿಬಿಟ್ಟು ಹತ್ತು ಎಣಿಸುವಷ್ಟರಲ್ಲಿ ಕಿರುಚಿಕೊಂಡು ಮೇಲೆತ್ತುವಷ್ಟು ತಣ್ಣಗೆ. ಹೊತ್ತಿದ್ದರೆ ಫ್ಯಾನ್‌ಟೇಲ್ ತನಕ ಹೋಗಿ. ಅದರಾಚೆಯ ಬೋಗುಣಿಯಂಥ ಕಣಿವೆ ಹಾಲ್ ಸಂಶೋಧನಾ ಪ್ರದೇಶಕ್ಕೆ ಸೇರಿದ್ದು, ಹಗಲು ಹೋಗಿ ಬರಬಹುದು, ರಾತ್ರಿ ತಂಗುವಂತಿಲ್ಲ.

ಈ ಊರು ಹುಟ್ಟಿದ್ದರ ಕತೆ ವಿಚಿತ್ರ. 1881ರಲ್ಲಿ ಗ್ರೇಟ್ ಸಿಯೆರಾ ಕನ್ಸಾಲಿಡೇಟೆಡ್ ಸಿಲ್ವರ್ ಕಂಪನಿ ಬೆಳ್ಳಿ ಸಿಗುತ್ತದೆಂದು ಬೆಟ್ಟಕ್ಕೆ ಸುರಂಗ ಕೊರೆಯಲು ಹೊರಟಿತು. ಕೊರೆಯುವ ಯಂತ್ರ ಮೇಲೆ ಬರಬೇಕಲ್ಲ? ರಸ್ತೆಯಿಲ್ಲ. 1882ರ ಮಾರ್ಚ್‌ನಲ್ಲಿ, ಹಿಮದ ನಡುವೆ, ಉತ್ತರದ ಲಂಡಿ ಊರಿನಿಂದ 16,000 ಪೌಂಡ್ ತೂಕದ ಬಾಯ್ಲರು, ಎಂಜಿನ್ನು, ಡ್ರಿಲ್ಲುಗಳನ್ನು ಜಾರುಬಂಡಿಗಳ ಮೇಲೇರಿಸಿದರು. ಹನ್ನೆರಡು ಜನ, ಎರಡು ಹೇಸರಗತ್ತೆ, ಒಂದು ಅಂಗುಲ ದಪ್ಪದ ಮನಿಲಾ ಹಗ್ಗ 4,500 ಅಡಿ. ಮೇಲೆಲ್ಲೋ ಮರಕ್ಕೋ ಬಂಡೆಗೋ ರಾಟೆ ಕಟ್ಟುವುದು, ಹಗ್ಗ ಎಳೆಯುವುದು, ಮತ್ತೆ ಮೇಲೆ ಕಟ್ಟುವುದು. ಒಂಬತ್ತು ಮೈಲಿಯಷ್ಟು ದಾರಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಪಶ್ಚಿಮದ ಕಡೆಯಿಂದ 56 ಮೈಲಿ ಬಂಡಿದಾರಿ ಮಾಡಿಸಿದರು. ಸುಮಾರು 62,000 ಡಾಲರ್ ಖರ್ಚು, 130 ದಿನದ ಕೆಲಸ, 1883ರ ಸೆಪ್ಟೆಂಬರಿಗೆ ಸಿದ್ಧ. ದುಡಿದವರಲ್ಲಿ ಚೀನೀಯರೇ ಹೆಚ್ಚು. ಚೀನೀ ಕೂಲಿಗಳು ದೇಶದೊಳಗೆ ಬರಬಾರದೆಂದು ಅಮೆರಿಕ ಕಾನೂನು ಮಾಡಿದ್ದೂ ಅದೇ 1882ರಲ್ಲಿ ಅನ್ನುವುದನ್ನು ವೀಸಾ ಅರ್ಜಿ ಹಿಡಿದು ಕೂತಿರುವ ನಾವು ನೆನಪಿಟ್ಟುಕೊಳ್ಳಬಹುದು. ಸುರಂಗ 1,784 ಅಡಿ ಒಳಗೆ ಹೋಯಿತು. ಬೆಳ್ಳಿಯ ಸುಳಿವಿಲ್ಲ. 1884ರ ಜುಲೈನಲ್ಲಿ ದುಡ್ಡು ಮುಗಿಯಿತು, ಕೆಲಸ ನಿಂತಿತು, ಜನ ಇಳಿದುಹೋದರು. ಬಂಡಿದಾರಿ ಮಾತ್ರ ಉಳಿಯಿತು. 1915ರಲ್ಲಿ, ಮುಂದೆ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೊದಲ ನಿರ್ದೇಶಕನಾದ ಸ್ಟೀಫನ್ ಮೇದರ್ ಅದನ್ನು 15,500 ಡಾಲರಿಗೆ ಕೊಳ್ಳಿಸಿ ಸರ್ಕಾರಕ್ಕೆ ಒಪ್ಪಿಸಿದ. ಇಂದಿನ ಟಿಯೋಗಾ ರಸ್ತೆಯ ಹುಟ್ಟು ಅದು. ಒಂದು ತೊಲ ಬೆಳ್ಳಿಯನ್ನೂ ಮಾರದ ಗಣಿಯ ದೆಸೆಯಿಂದ ಇವತ್ತು ನಾವು ಕಾರಿನಲ್ಲಿ ಸಿಯೆರಾ ದಾಟುತ್ತಿದ್ದೇವೆ.

ಹೀಗೆ ಮೂರೇ ವರ್ಷಕ್ಕೆ ಮುಳುಗಿದ ಕಂಪನಿಯ ಎರಡು ಗುಡಿಸಲಿಗೆ ಇಂದಿಗೂ ಮಾಡು ಇದೆ. ಹತ್ತಿರ ಹೋಗಿ ಗೋಡೆಯ ಹಲಗೆ ನೋಡಿ. ಹಳೆಯ ಹಲಗೆಯಲ್ಲಿ ಮೆತ್ತನೆಯ ಭಾಗ ಗಾಳಿ ಮರಳಿಗೆ ಸವೆದು, ಗಟ್ಟಿ ಎಳೆ ಮಾತ್ರ ಬೆರಳಿಗೆ ತಾಕುವ ಹಾಗೆ ಉಬ್ಬಿ ನಿಂತಿದೆ. ನಡುನಡುವೆ ನುಣುಪಾದ ಹಲಗೆಗಳು, ಅವು ದುರಸ್ತಿಯವು. ಬಣ್ಣ ಬಳಿದಿಲ್ಲ, ಗಾಜಿನ ಪೆಟ್ಟಿಗೆ ಇಟ್ಟಿಲ್ಲ, ‘ಸೆಲ್ಫಿ ಪಾಯಿಂಟ್’ ಬೋರ್ಡಿಲ್ಲ. ಕಾವಲಿನವನಿಲ್ಲ, ಟಿಕೆಟ್ಟಿನವನೂ ಇಲ್ಲ. ಬೀಳದ ಹಾಗೆ ಎಷ್ಟು ಬೇಕೋ ಅಷ್ಟು ಮಾಡಿ ಕೈತೊಳೆದುಕೊಂಡಿದ್ದಾರೆ. ಲೀ ವೈನಿಂಗ್‌ನಿಂದ ಉತ್ತರಕ್ಕಿರುವ ಬೋಡಿ ಅನ್ನುವ ದೊಡ್ಡ ಹಾಳೂರಿನಲ್ಲೂ ಇದೇ ನೀತಿ, ಅಲ್ಲಿ ಟಿಕೆಟ್ಟು, ರೇಂಜರು ಎಲ್ಲ ಉಂಟು. 1962ರಿಂದ ಅದು ಸ್ಟೇಟ್ ಪಾರ್ಕು. ಕೊಳೆಯುವುದನ್ನು ಅಲ್ಲಿಗೇ ತಡೆಹಿಡಿಯುವುದು, ಹೊಸದಾಗಿ ಕಟ್ಟದಿರುವುದು, ಇಷ್ಟೇ ಸೂತ್ರ.

ನಮ್ಮಲ್ಲಿ? ಬೆನೆಟ್‌ವಿಲ್ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ, 1880ರಲ್ಲಿ, ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂತು. ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡಿತು, 2001ರ ಫೆಬ್ರವರಿ 28ಕ್ಕೆ ಮುಚ್ಚುವ ತನಕ ನೂರಾರು ಟನ್ ಚಿನ್ನ ಕೊಟ್ಟಿತು. ಕೆಜಿಎಫ್ ಬೇಚರಾಕ್ ಅಲ್ಲ, ಅಲ್ಲಿ ಜನ ಇದ್ದಾರೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆದರೆ ಗಣಿಯ ಕಟ್ಟಡಗಳ ಪಾಡು ಹಾಳೂರಿನದೇ. ತುಕ್ಕು ಹಿಡಿಯುವ ಶಾಫ್ಟುಗಳು, ಗಾಳಿ ಬಂದಾಗ ಊರ ಮೇಲೆ ದೂಳೆಬ್ಬಿಸುವ ಸೈನೈಡ್ ದಿಬ್ಬಗಳು. ಮಲೆನಾಡಿಗೆ ಬಂದರೆ ಕುದುರೆಮುಖ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದಿರು ತೆಗೆಯುವುದು ನಿಂತ ಮೇಲೆ ಕಂಪನಿಯ ಟೌನ್‌ಶಿಪ್ಪಿನ ಮನೆಗಳು ಒಂದೊಂದಾಗಿ ಬರಿದಾದವು. ವರ್ಷಕ್ಕೆ ಐದು ತಿಂಗಳು ಮಳೆ ಹೊಡೆಯುವ ಜಾಗ ಅದು. ಮಾಡಿನ ಒಂದು ಶೀಟು ಹಾರಿದರೆ ಎರಡನೆಯ ಮಳೆಗಾಲಕ್ಕೆ ಗೋಡೆಯ ಮೇಲೆ ಆಲ ಬೇರುಬಿಟ್ಟಿರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಸಿಯೆರಾದ ಒಣ ಚಳಿ ಅರ್ಧ ಕೆಲಸ ತಾನೇ ಮಾಡುತ್ತದೆ, ಗೆದ್ದಲಿಲ್ಲ, ಪಾಚಿಯಿಲ್ಲ. ಅದಕ್ಕೇ ಬೆನೆಟ್‌ವಿಲ್‌ನ ಹಾಗೆ ಬಿಟ್ಟುಬಿಡಿ ಅನ್ನುವ ಸಲಹೆ ನಮ್ಮಲ್ಲಿ ನಡೆಯದು. ನಮ್ಮಲ್ಲಿ ಉಳಿಸುವುದೆಂದರೆ ಪ್ರತಿ ಮೇ ತಿಂಗಳು ಮಾಡು ಹತ್ತುವುದು. ಆದರೆ ಹತ್ತಲು ಎರಡೇ ಎರಡು ಕಟ್ಟಡ ಆರಿಸಿಕೊಂಡರೂ ಸಾಕಿತ್ತು. ಪೂರ್ತಿ ಕೈಬಿಡುವುದು, ಇಲ್ಲವಾದರೆ ಕೆಡವಿ ಕಾರಂಜಿ ಉದ್ಯಾನ ಮಾಡುವುದು, ಈ ಎರಡರ ನಡುವೆ ಮೂರನೆಯದೊಂದು ನಮ್ಮ ಇಲಾಖೆಗಳಿಗೆ ಹೊಳೆಯುವುದೇ ಇಲ್ಲ.

ಇನ್ನು ಕಸ. ಊರಲ್ಲಿ ಬಾಳೆಹಣ್ಣಿನ ಸಿಪ್ಪೆ ಕಾಡಿಗೆ ಎಸೆದರೆ ಒಂದು ಮಳೆಗೆ ಮಣ್ಣಾಗುತ್ತದೆ, ಅದಕ್ಕೂ ಮುಂಚೆ ಮಂಗ ಒಯ್ದಿರುತ್ತದೆ. ಆ ಅಭ್ಯಾಸವನ್ನೇ ಇಲ್ಲಿಗೂ ತರುತ್ತೇವೆ. ಈ ಎತ್ತರದಲ್ಲಿ ನೆಲ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಹಿಮದಡಿ ಇರುತ್ತದೆ, ಉಳಿದದ್ದು ಒಣ. ಕೊಳೆಯಿಸುವ ಜೀವಿಗಳಿಗೆ ಕೆಲಸ ಮಾಡಲು ಸಿಗುವುದು ಎರಡು ಮೂರು ತಿಂಗಳು. ಕಿತ್ತಳೆ ಸಿಪ್ಪೆ ಮುಂದಿನ ಬೇಸಿಗೆಗೆ ಬಂದವರಿಗೂ ಕಪ್ಪಗೆ ಒಣಗಿ ಕಾಣುತ್ತದೆ. ಹುಲ್ಲೂ ಅಷ್ಟೆ: ಅಡ್ಡದಾರಿ ಹಿಡಿದು ಹತ್ತು ಜನ ತುಳಿದ ಜಾಡು ಮಲೆನಾಡಿನಲ್ಲಿ ಒಂದು ಮಳೆಗಾಲದಲ್ಲಿ ಮುಚ್ಚಬಹುದು, ಇಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಶೌಚದ ಮಾತೂ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ಕ್ಯಾಂಪ್‌ಗ್ರೌಂಡಿನ ಗುಂಡಿ ಕಕ್ಕಸಿನಲ್ಲಿ ಮುಗಿಸಿ ಹೊರಡುವುದು ಒಳ್ಳೆಯದು. ದಾರಿಯಲ್ಲಿ ಅವಸರವಾದರೆ ನೀರಿನಿಂದ 200 ಅಡಿ, ಅಂದರೆ ಎಂಬತ್ತು ಹೆಜ್ಜೆ ದೂರ ಹೋಗಿ, ಆರರಿಂದ ಎಂಟು ಅಂಗುಲ ಗುಂಡಿ ತೋಡಿ ಆಮೇಲೆ ಮುಚ್ಚಬೇಕು. ಚೊಂಬಿನ ಬದಲು ಬಾಟಲಿ ಒಯ್ಯುವ ನಮ್ಮ ಪದ್ಧತಿ ಇಲ್ಲಿ ಕಾಗದಕ್ಕಿಂತ ಮೇಲು, ಕಾಗದವನ್ನಾದರೆ ಚೀಲದಲ್ಲಿ ವಾಪಸು ತರಬೇಕು. ಆದರೆ ತೊಳೆದುಕೊಳ್ಳುವುದೂ ಅದೇ ದೂರದಲ್ಲಿ, ಕೆರೆಯ ದಂಡೆಗೆ ಬಂದು ಅಲ್ಲ. ಆ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಫಿಲ್ಟರ್ ಮಾಡದೆ ಕುಡಿದರೆ ಜಿಯಾರ್ಡಿಯಾ ಅನ್ನುವ ಹೊಟ್ಟೆಯ ಸೋಂಕು ಹಿಡಿಯಬಹುದು. ಹಳೆಯ ಊರಿನ ತುಕ್ಕು ಮೊಳೆಯನ್ನು ‘ನೆನಪಿಗೆ’ ಅಂತ ಜೇಬಿಗಿಳಿಸುವುದು ಅಪರಾಧ. ನೂರು ವರ್ಷ ದಾಟಿದ ವಸ್ತುಗಳಿಗೆ 1979ರ ಕೇಂದ್ರ ಕಾಯಿದೆಯ ರಕ್ಷಣೆ ಇದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇವರ ಪದ್ಧತಿಯಲ್ಲಿ ನನಗೆ ಒಗ್ಗದ್ದನ್ನೂ ಹೇಳಬೇಕು. ಈ ದಾರಿಯಲ್ಲಿ ಮಾತಾಡಲು ಒಬ್ಬರೂ ಸಿಗುವುದಿಲ್ಲ. ಕುಮಾರ ಪರ್ವತ ಹತ್ತುವವರಿಗೆ ನಡುದಾರಿಯಲ್ಲಿ ಭಟ್ಟರ ಮನೆಯ ಅನ್ನ ಸಾರು ಸಿಗುತ್ತದೆ. ಕುದುರೆಮುಖದ ಸುಮಾರು 20 ಕಿಲೋಮೀಟರ್ ನಡಿಗೆಗೆ ಮುಳ್ಳೋಡಿಯ ಕಡೆಯ ಹುಡುಗರೇ ಗೈಡು, ಅವರಿಗೆ ಯಾವ ಹಳ್ಳ ಯಾವಾಗ ಏರುತ್ತದೆ, ಮಂಜು ಬಂದರೆ ಎಲ್ಲಿ ದಾರಿ ತಪ್ಪುತ್ತದೆ ಎಲ್ಲ ಗೊತ್ತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಅದನ್ನು ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಅದು ಸರಿಯೆನಿಸುತ್ತದೆ. ಗೇಟಿನಲ್ಲಿ ಹೆಸರು ಬರೆಸಿದವನು ಸಂಜೆ ಇಳಿಯದಿದ್ದರೆ ಯಾರಾದರೂ ಒಬ್ಬರಿಗೆ ಗೊತ್ತಾಗುತ್ತದೆ. ಬೆನೆಟ್‌ವಿಲ್‌ನಲ್ಲಿ ಗೊತ್ತಾಗುವುದಿಲ್ಲ. ಮೊಬೈಲ್ ಸಿಗ್ನಲನ್ನು ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು, ಎಷ್ಟು ಹೊತ್ತಿಗೆ ಮರಳುತ್ತೇವೆಂದು ಮನೆಯವರಿಗೆ ಹೇಳಿರಬೇಕು. ಪಾದ ಹೊರಳಿದರೆ ಹೊತ್ತು ತರುವವರು ಮನೆಯವರೇ.

ಗೈಡು ಇಲ್ಲದ ಕಡೆ ಕತೆಯೂ ಅರ್ಧ ಮಾತ್ರ ಸಿಗುತ್ತದೆ. ಕೆಳಗಿನ ಮೋನೋ ಕೆರೆಯ ಮೂಲನಿವಾಸಿಗಳಾದ ಕುಟ್ಜಾಡಿಕಾ ಜನ, ಗಣಿಯವರು ಬರುವ ಎಷ್ಟೋ ತಲೆಮಾರಿನ ಹಿಂದಿನಿಂದ ಇದೇ ಬೆಟ್ಟಸಾಲನ್ನು ಪಕ್ಕದ ಮೋನೋ ಪಾಸ್‌ನಲ್ಲಿ ದಾಟುತ್ತಿದ್ದರು, ಬಾಣದ ಮೊನೆಗೆ ಬೇಕಾದ ಅಬ್ಸಿಡಿಯನ್ ಎಂಬ ಗಾಜಿನಂಥ ಕಲ್ಲನ್ನು ಪಶ್ಚಿಮಕ್ಕೆ ಒಯ್ದು ಓಕ್ ಕಾಯಿ ತರುತ್ತಿದ್ದರು. ಖಾಲಿ ಕಟ್ಟಡವನ್ನು ಇಷ್ಟು ಜತನದಿಂದ ಕಾಯುವ ದೇಶ, ಆ ಜನರಲ್ಲಿ ಒಬ್ಬರನ್ನು ದಿನಗೂಲಿ ಕೊಟ್ಟು ಇಲ್ಲಿ ನಿಲ್ಲಿಸಬಹುದಿತ್ತು. ಮುಳ್ಳೋಡಿಯಲ್ಲಿ ಆಗುವುದು ಇಲ್ಲಿ ಯಾಕಾಗದು?

ಯಾವಾಗ ಹೋಗಬೇಕು ಅನ್ನುವುದು ಉಳಿಯಿತು. ಚಳಿಗಾಲದಲ್ಲಿ ಮುಚ್ಚುವ ಟಿಯೋಗಾ ರಸ್ತೆ ಸಾಮಾನ್ಯವಾಗಿ ಮೇ ಕೊನೆಗೋ ಜೂನಿನಲ್ಲೋ ತೆರೆಯುತ್ತದೆ, ಹಿಮ ಜೋರಾದ ವರ್ಷ ಇನ್ನೂ ತಡ. ತೆರೆದ ಕೂಡಲೇ ಓಡಬೇಡಿ. ದಾರಿ ಕೆಸರು, ತೊರೆಯಲ್ಲಿ ಮಧ್ಯಾಹ್ನಕ್ಕೆ ಹಿಮ ಕರಗಿದ ನೀರು ಏರುತ್ತದೆ, ದಾಟುವುದಿದ್ದರೆ ಬೆಳಗ್ಗೆಯೇ ದಾಟಬೇಕು. ಜುಲೈ ಹೂವಿನ ಕಾಲ, ಸೊಳ್ಳೆಯ ಕಾಲವೂ ಹೌದು. ಮಲೆನಾಡಿನ ಇಂಬಳಕ್ಕೆ ಉಪ್ಪು ಸಾಕು, ಇವಕ್ಕೆ ಉದ್ದ ತೋಳಿನ ಅಂಗಿ, ಮುಲಾಮು ಎರಡೂ ಬೇಕು. ಜುಲೈ, ಆಗಸ್ಟ್‌ನಲ್ಲಿ ಹಲವು ದಿನ ಮಧ್ಯಾಹ್ನ ಗುಡುಗು ಕಟ್ಟುತ್ತದೆ. ಡಾನಾ ಬೆಟ್ಟದ ಮೇಲೆ ಹತ್ತಿಯಂಥ ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಬೆಳೆಯತೊಡಗಿದರೆ ಬುತ್ತಿ ಕಟ್ಟಿ ವಾಪಸು ಹೊರಡಿ. ಬೆಳಗ್ಗೆ ಎಂಟಕ್ಕೆ ಶುರುಮಾಡಿದರೆ ಒಂದು ಗಂಟೆಗೆ ಕಾರಿನಲ್ಲಿರುತ್ತೀರಿ. ನನ್ನ ಆಯ್ಕೆ ಸೆಪ್ಟೆಂಬರ್: ಸೊಳ್ಳೆಯಿಲ್ಲ, ಹುಲ್ಲು ಹೊನ್ನಬಣ್ಣ, ಬೆಳಗ್ಗೆ ಬಾಟಲಿಯ ಮೇಲೆ ತೆಳು ಮಂಜುಗಡ್ಡೆ.

‘ಹಾಳೂರಿಗೆ ಉಳಿದವನೇ ಗೌಡ’ ಅಂತ ಗಾದೆ. ಬೆನೆಟ್‌ವಿಲ್‌ನ ಗೌಡ ಮಾರ್ಮಟ್, ಬೆಕ್ಕಿನಷ್ಟು ದಪ್ಪದ, ಹಳದಿ ಹೊಟ್ಟೆಯ ಅಳಿಲ ಜಾತಿ. ಬಂಡೆಯ ಮೇಲೆ ಕೂತು ಬಂದವರನ್ನೆಲ್ಲ ವಿಚಾರಿಸಿಕೊಳ್ಳುತ್ತದೆ, ನೀವು ತಿರುಗಿದ ಕೂಡಲೇ ಚೀಲದ ಪಟ್ಟಿ ಕಡಿಯುತ್ತದೆ. ಬೆವರಿನ ಉಪ್ಪಿಗೆ ಅಷ್ಟು ಆಸೆ. ಅವಲಕ್ಕಿ ಹಾಕಬೇಡಿ, ನಿಷಿದ್ಧ. ಚಳಿ ಶುರುವಾದ ಕೂಡಲೇ ಅದೂ ಬಿಲ ಸೇರಿ ನಿದ್ದೆಗೆ ಬೀಳುತ್ತದೆ, ನವೆಂಬರಿನ ಹೊತ್ತಿಗೆ ರಸ್ತೆಯ ಗೇಟೂ ಬೀಳುತ್ತದೆ. ಆಮೇಲೆ ಮೇ ತನಕ ಆ ಊರಿಗೆ ಗೌಡನೂ ಇಲ್ಲ.